ಹುಲ್ಲು ಕಡಿಮೆ ಮಾಡಿದರೆ ಕಡಸು ಬೇಗ ಮೈದುಂಬುತ್ತದೆಯೇ?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಮ್ಮದು ಶಿರಸಿ ತಾಲ್ಲೂಕಿನ ಬನವಾಸಿ ಸಮೀಪದ ಹಳ್ಳಿ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕಡಸು ಮತ್ತು ಎರಡು ಮುರ್ರಾ ಎಮ್ಮೆ ಮಣಕಗಳನ್ನು ಸಾಕುತ್ತಿದ್ದೇನೆ. ಒಂದೊಂದೂ 200 ಕಿಲೋ ಆಸುಪಾಸು ಇರಬಹುದು. ಬೇಗ ಮೈದುಂಬಿ ಬೆದೆಗೆ ಬರಲಿ ಎಂಬ ಆಸೆ. ಈಗ ದಿನಕ್ಕೆ ತಲಾ 4 ಕಿಲೋ ಭತ್ತದ ಹುಲ್ಲು, ರಾತ್ರಿ ನೆನೆಸಿಟ್ಟ 1 ಕಿಲೋ ಇಡಿ ಗೋವಿನಜೋಳ (ಮೆಕ್ಕೆಜೋಳ), ಸ್ವಲ್ಪ ಅಕ್ಕಿ ತೌಡು, ಸ್ವಲ್ಪ ತೆಂಗಿನ ಹಿಂಡಿ ಕೊಡುತ್ತೇನೆ. ಸಗಣಿಯಲ್ಲಿ ಜೋಳದ ಕಾಳು ಹಾಗೆಯೇ ಬೀಳುತ್ತಿದೆ. ಅಮೆರಿಕದಲ್ಲಿ ದನ ಕೊಬ್ಬಿಸುವವರು ನೂರಕ್ಕೆ ತೊಂಬತ್ತು ಪಾಲು ಕಾಳು, ಹತ್ತೇ ಪಾಲು ಮೇವು ಕೊಡುತ್ತಾರೆ, ಹುಲ್ಲು ಹೆಚ್ಚಾದರೆ ಆಹಾರ ಜೀರ್ಣವಾಗುವುದಿಲ್ಲ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನಾನೂ ಹುಲ್ಲನ್ನು 1 ಕಿಲೋಗೆ ಇಳಿಸಿ ಜೋಳವನ್ನು 4 ಕಿಲೋಗೆ ಏರಿಸಬಹುದೇ?

ಉತ್ತರ: ದಯವಿಟ್ಟು ಏರಿಸಬೇಡಿ. ಈಗಾಗಲೇ ಏರಿಸಲು ಶುರು ಮಾಡಿದ್ದರೆ ಇವತ್ತೇ ಹಿಂದಕ್ಕೆ ಬನ್ನಿ. ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ. ಇದೇ ಪ್ರಶ್ನೆಯನ್ನು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯಿಂದಲೂ ಹಲವರು ಕೇಳುತ್ತಿದ್ದಾರೆ. ಗೋವಿನಜೋಳ ಬೆಳೆಯುವ ಊರುಗಳಲ್ಲಿ ಕಾಳು ಮನೆಯಲ್ಲೇ ಇರುತ್ತದೆ, ಕೈ ತಾನಾಗಿಯೇ ಚೀಲದ ಕಡೆಗೆ ಹೋಗುತ್ತದೆ.

ನೀವು ನೋಡಿದ ವಿಡಿಯೊದಲ್ಲಿ ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಜೀರ್ಣತೆ ಎಂದರೆ ದನ ತಿಂದ ಒಣ ಪದಾರ್ಥದಲ್ಲಿ ಸಗಣಿಯಾಗಿ ಹೊರಬೀಳದೆ ಮೈಯೊಳಗೇ ಉಳಿದ ಪಾಲು. ನೀರಿನ ಅಂಶ ಕಳೆದು 5 ಕಿಲೋ ತಿಂದು, ಹಾಗೆಯೇ ನೀರು ಕಳೆದು 2 ಕಿಲೋ ಸಗಣಿ ಹಾಕಿದರೆ ಜೀರ್ಣತೆ ಶೇ 60. ಈ ಅಳತೆಯಲ್ಲಿ ಗೋವಿನಜೋಳಕ್ಕೆ ಸುಮಾರು ಶೇ 85ರಿಂದ 88 ಸಿಗುತ್ತದೆ. ಎಳೆಯದಾಗಿ ಕೊಯ್ದ ನೇಪಿಯರ್ ಹುಲ್ಲಿಗೆ ಶೇ 55ರಿಂದ 60. ಭತ್ತದ ಹುಲ್ಲಿಗೆ ಶೇ 40ರಿಂದ 45. ಆದ್ದರಿಂದ ಗೋದಲಿಯಲ್ಲಿ ಹುಲ್ಲಿನ ಪಾಲು ಹೆಚ್ಚಾದಷ್ಟೂ ಒಟ್ಟು ಆಹಾರದ ಜೀರ್ಣತೆ ಕಾಗದದ ಮೇಲೆ ಇಳಿಯುತ್ತದೆ. ಇಷ್ಟರ ಮಟ್ಟಿಗೆ ಆ ಮಾತು ಸರಿ.

ಆದರೆ ದನದ ಹೊಟ್ಟೆ ಕೂಡುವ ಕಳೆಯುವ ಲೆಕ್ಕದಲ್ಲಿ ನಡೆಯುವುದಿಲ್ಲ. ಅರ್ಧ ಭತ್ತದ ಹುಲ್ಲು, ಅರ್ಧ ಜೋಳ ಹಾಕಿದಿರಿ ಎನ್ನಿ. 43 ಮತ್ತು 87ರ ಸರಾಸರಿ 65 ಬರಬೇಕು. ಜೋಳವನ್ನು ಒಂದೇ ಹೊತ್ತಿಗೆ ಸುರಿದರೆ ಅಷ್ಟು ಬರುವುದಿಲ್ಲ. ಜೋಳ ತನ್ನ ಪಾಲಿಗೆ ಜೀರ್ಣವಾಗುತ್ತದೆ, ಆದರೆ ಹುಲ್ಲು ಜೀರ್ಣವಾಗುವುದನ್ನು ಕೆಡಿಸುತ್ತದೆ. 43 ಇದ್ದ ಹುಲ್ಲಿನ ಜೀರ್ಣತೆ ಮೂವತ್ತರ ಆಸುಪಾಸಿಗೆ ಕುಸಿದರೆ ಒಟ್ಟು ಅರವತ್ತೂ ದಾಟುವುದಿಲ್ಲ. ದುಡ್ಡು ಕೊಟ್ಟು ಹಾಕಿದ ಜೋಳ, ಮನೆಯಲ್ಲಿದ್ದ ಹುಲ್ಲನ್ನು ಗೊಬ್ಬರದ ಗುಂಡಿಗೆ ಕಳಿಸಿದ ಹಾಗಾಯಿತು.

ಹೀಗೇಕೆ ಆಗುತ್ತದೆ ಎಂಬುದೇ ಇಡೀ ವಿಷಯದ ಹೃದಯ. ದನದ ದೊಡ್ಡ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ನಾರನ್ನು ಒಡೆಯುವ ಶಕ್ತಿ ದನಕ್ಕೆ ಇಲ್ಲ, ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಿಗೆ ಇದೆ. ಫೈಬ್ರೊಬ್ಯಾಕ್ಟರ್, ರುಮಿನೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಹುಲ್ಲಿನ ಚೂರಿಗೆ ಅಂಟಿಕೊಂಡು ಗಂಟೆಗಟ್ಟಲೆ ಅದನ್ನು ಕರಗಿಸುತ್ತವೆ. ಅವು ಬಿಡುಗಡೆ ಮಾಡುವ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳೇ ದನದ ಶಕ್ತಿಯ ಮುಖ್ಯ ಮೂಲ. ಈ ನಾರು ಒಡೆಯುವ ಜೀವಿಗಳು ಹುಳಿಯನ್ನು ಸಹಿಸುವುದಿಲ್ಲ. ರೂಮೆನ್‌ನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 6.2ಕ್ಕಿಂತ ಕೆಳಗಿಳಿದರೆ ಅವುಗಳ ಕೆಲಸ ನಿಧಾನವಾಗುತ್ತದೆ, 6ಕ್ಕಿಂತ ಕೆಳಗೆ ಬಹುಪಾಲು ನಿಂತೇ ಹೋಗುತ್ತದೆ. ಜೋಳದ ಪಿಷ್ಟವನ್ನು ತಿನ್ನುವ ಜೀವಿಗಳು ಬೇರೆ. ಅವು ಬೇಗ ಬೆಳೆಯುತ್ತವೆ, ಬೇಗ ಆಮ್ಲ ಹುಟ್ಟಿಸುತ್ತವೆ, ಹುಳಿಯಲ್ಲೂ ಬದುಕುತ್ತವೆ. ಪಿಎಚ್ 5.6ಕ್ಕಿಂತ ಕೆಳಗೆ ಹೊತ್ತು ಕಳೆದರೆ ಒಳಗೊಳಗೇ ಕಾಯಿಲೆ ಆರಂಭ. 5ಕ್ಕೆ ಇಳಿದರೆ ಲ್ಯಾಕ್ಟಿಕ್ ಆಮ್ಲ ತುಂಬಿ ದನ ಪ್ರಾಣಾಪಾಯಕ್ಕೆ ಸಿಲುಕುತ್ತದೆ.

ಈ ಹುಳಿಯನ್ನು ತಡೆಯುವುದು ಜೊಲ್ಲು. ದೊಡ್ಡ ಹಸುವೊಂದು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸಿ ನುಂಗುತ್ತದೆ. ಅದರಲ್ಲಿ ಬೈಕಾರ್ಬೊನೇಟ್ ಇದೆ, ಫಾಸ್ಫೇಟ್ ಇದೆ, ಅದು ಕ್ಷಾರೀಯ. ಜೊಲ್ಲು ಬರುವುದು ಅಗಿದಾಗ, ಅದರಲ್ಲೂ ಮೆಲುಕು ಹಾಕುವಾಗ. ಮೆಲುಕು ಹಾಕಿಸುವುದು ಉದ್ದನೆಯ ನಾರು. ಜೋಳದ ಹಿಟ್ಟು, ತೌಡು, ಹಿಂಡಿ ಬಾಯಲ್ಲಿ ನಾಲ್ಕು ಬಾರಿ ತಿರುಗಿ ಒಳಗೆ ಇಳಿಯುತ್ತವೆ, ಅವುಗಳಿಗೆ ಅಗಿತ ಬೇಡ. ಹುಲ್ಲು ಹೊಟ್ಟೆಯಲ್ಲಿ ಹೆಣೆದುಕೊಂಡು ದಪ್ಪ ಹಾಸು ಕಟ್ಟುತ್ತದೆ. ಆ ಹಾಸು ಸಾರಣಿಗೆಯಂತೆ ಕೆಲಸ ಮಾಡುತ್ತದೆ: ದೊಡ್ಡ ಚೂರುಗಳನ್ನು, ಕಾಳಿನ ತುಂಡುಗಳನ್ನು ಹಿಡಿದಿಟ್ಟು ಮತ್ತೆ ಬಾಯಿಗೆ ಕಳಿಸುತ್ತದೆ, ಸಣ್ಣವನ್ನು ಮಾತ್ರ ಮುಂದಕ್ಕೆ ಬಿಡುತ್ತದೆ. ಹುಲ್ಲು ಕಿತ್ತುಹಾಕಿದರೆ ಈ ಹಾಸು ತೆಳುವಾಗುತ್ತದೆ, ಅಗಿತ ನಿಲ್ಲುತ್ತದೆ, ಜೊಲ್ಲು ಕಡಿಮೆಯಾಗುತ್ತದೆ, ಹುಳಿ ಏರುತ್ತದೆ. ಹುಲ್ಲಿನಿಂದ ಜೀರ್ಣತೆ ಇಳಿಯುತ್ತದೆ ಎನ್ನುವವರು, ಜೀರ್ಣಿಸುವ ವ್ಯವಸ್ಥೆಯನ್ನೇ ನಡೆಸುತ್ತಿರುವುದು ಹುಲ್ಲು ಎಂಬುದನ್ನು ಮರೆಯುತ್ತಾರೆ.

ಹಾಗಾದರೆ ಅಮೆರಿಕದವರು ಹೇಗೆ ನಿಭಾಯಿಸುತ್ತಾರೆ ಎಂದು ಕೇಳುತ್ತೀರಿ. ಅಲ್ಲಿನ ದೊಡ್ಡ ಕೊಬ್ಬಿಸುವ ಅಂಗಳಗಳಲ್ಲಿ ಕೊನೆಯ ಹಂತದ ಆಹಾರದಲ್ಲಿ ಮೇವಿನ ಪಾಲು ಒಣ ತೂಕದಲ್ಲಿ ಶೇ 8ರಿಂದ 10 ಇರುವುದು ನಿಜ. ಆದರೆ ಆ ಹಂತಕ್ಕೆ ದನವನ್ನು ಸುಮಾರು ಮೂರು ವಾರ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಜೋಳವನ್ನು ಹಬೆಯಲ್ಲಿ ಬೇಯಿಸಿ ಅವಲಕ್ಕಿ ಮಾಡಿರುತ್ತಾರೆ. ಮೊನೆನ್ಸಿನ್ ಎಂಬ ಔಷಧಿಯನ್ನು ಆಹಾರದಲ್ಲಿ ಬೆರೆಸುತ್ತಾರೆ. ಕಾಳು, ಮೇವು, ಖನಿಜ ಎಲ್ಲವನ್ನೂ ಯಂತ್ರದಲ್ಲಿ ಒಟ್ಟಿಗೆ ಕಲಸುವುದರಿಂದ ದನ ಕಾಳನ್ನಷ್ಟೇ ಆರಿಸಿ ತಿನ್ನಲಾಗದು. ಗೋದಲಿಯಲ್ಲಿ ಎಷ್ಟು ಉಳಿಯಿತು ಎಂದು ಪ್ರತಿದಿನ ನೋಡಿ ಮರುದಿನದ ಅಳತೆ ನಿರ್ಧರಿಸುವ ಆಳುಗಳಿರುತ್ತಾರೆ. ಇಷ್ಟೆಲ್ಲ ಇದ್ದೂ ನೂರರಲ್ಲಿ ಹತ್ತಿಪ್ಪತ್ತು ದನಗಳ ಪಿತ್ತಜನಕಾಂಗದಲ್ಲಿ ಕೀವುಗಟ್ಟಿದ ಗಂಟುಗಳು ಸಿಗುವುದು ಅಲ್ಲಿ ಸಾಮಾನ್ಯ ಸಂಗತಿ. ಹುಳಿಯಿಂದ ರೂಮೆನ್‌ನ ಒಳಪೊರೆ ಗಾಯಗೊಂಡು ರೋಗಾಣುಗಳು ರಕ್ತಕ್ಕೆ ಸೇರಿ ಯಕೃತ್ತನ್ನು ತಲುಪುವುದೇ ಅದಕ್ಕೆ ಕಾರಣ. ಆ ದನ ಆ ಆಹಾರದ ಮೇಲೆ ಬದುಕುವುದು ಕೆಲವೇ ತಿಂಗಳು, ಆಮೇಲೆ ಮಾಂಸಕ್ಕೆ ಹೋಗುತ್ತದೆ. ನಿಮ್ಮ ಕಡಸು ಬೆದೆಗೆ ಬರಬೇಕು, ಗಬ್ಬ ಕಟ್ಟಬೇಕು, ಏಳೆಂಟು ಕರು ಹಾಕಬೇಕು, ಹತ್ತು ವರ್ಷ ನಿಮ್ಮ ಕೊಟ್ಟಿಗೆಯಲ್ಲಿ ನಿಲ್ಲಬೇಕು.

ಗಮನಿಸಬೇಕಾದ ಇನ್ನೊಂದು ಮಾತು. ಅಷ್ಟು ಕಾಳು ಕೊಡುವವರೂ ಮೇವನ್ನು ಸೊನ್ನೆಗೆ ಇಳಿಸುವುದಿಲ್ಲ. ಸ್ವಲ್ಪ ಮೇವು ಸೇರಿಸಿದಾಗ ದನ ಹೆಚ್ಚು ತಿನ್ನುತ್ತದೆ, ದಿನದಿಂದ ದಿನಕ್ಕೆ ತಿನ್ನುವುದರಲ್ಲಿ ಏರುಪೇರು ಕಡಿಮೆಯಾಗುತ್ತದೆ ಎಂಬುದು ಅವರ ಅನುಭವ. ಮೈಗೆ ಸೇರುವುದು ಜೀರ್ಣತೆಯ ಶೇಕಡಾವಾರು ಅಲ್ಲ, ತಿಂದದ್ದನ್ನು ಜೀರ್ಣತೆಯಿಂದ ಗುಣಿಸಿದ ಮೊತ್ತ. ನಿಮ್ಮದೇ 200 ಕಿಲೋ ಕಡಸಿಗೆ ಒಂದು ಅಂದಾಜು ಹಾಕೋಣ. ಬರೀ ಒಣ ಭತ್ತದ ಹುಲ್ಲು ಹಾಕಿದರೆ ಒಣ ತೂಕದಲ್ಲಿ ಮೂರೂವರೆ ಕಿಲೋ ತಿಂದೀತು. ಶೇ 43ರಂತೆ ಒಂದೂವರೆ ಕಿಲೋ ಮೈಗೆ. ಒಳ್ಳೆಯ ಮೇವು, ಹಿಂಡಿ ಹದವಾಗಿ ಸೇರಿದರೆ 5.2 ಕಿಲೋ ತಿಂದು, ಶೇ 62ರಂತೆ 3.2 ಕಿಲೋ ಮೈಗೆ. ಜೋಳವೇ ಮುಖ್ಯವಾದ ಆಹಾರದಲ್ಲಿ ಜೀರ್ಣತೆ ಶೇ 75 ಬಂದರೂ ಹೊಟ್ಟೆ ಹುಳಿಯಾಗಿ ಒಂದು ದಿನ ತಿಂದು ಮರುದಿನ ಮೂತಿ ತಿರುಗಿಸಿದರೆ ಸರಾಸರಿ 4.2 ಕಿಲೋಗೆ ನಿಲ್ಲುತ್ತದೆ, ಮೈಗೆ ಸೇರಿದ್ದು ಮತ್ತೆ ಅದೇ 3.2 ಕಿಲೋ ಒಳಗೆ. ಖರ್ಚು ಮಾತ್ರ ಎಷ್ಟೋ ಪಾಲು ಹೆಚ್ಚು, ಮೇಲೆ ಕಾಯಿಲೆಯ ಭಯ.

ಕಡಸುಗಳ ವಿಷಯದಲ್ಲಿ ಇನ್ನೂ ಒಂದು ಅಪಾಯವಿದೆ. ಬೆದೆಗೆ ಬರುವ ಮುನ್ನಿನ ತಿಂಗಳುಗಳಲ್ಲಿ ಅತಿಯಾಗಿ ಕೊಬ್ಬಿಸಿದರೆ ಕೆಚ್ಚಲಿನಲ್ಲಿ ಹಾಲಿನ ಗ್ರಂಥಿ ಬೆಳೆಯಬೇಕಾದ ಜಾಗದಲ್ಲಿ ಕೊಬ್ಬು ಕೂರುತ್ತದೆ. ನೋಡಲು ಚೆಂದದ ಹಸು ಆಗುತ್ತದೆ, ಹಾಲು ಮಾತ್ರ ಕೈಗೆ ಸಿಗುವುದಿಲ್ಲ. ಮಿಶ್ರತಳಿ ಕಡಸು ದಿನಕ್ಕೆ 500ರಿಂದ 600 ಗ್ರಾಂ, ಮುರ್ರಾ ಮಣಕ 400ರಿಂದ 500 ಗ್ರಾಂ ತೂಕ ಕಟ್ಟಿದರೆ ಸಾಕು. ಇದಕ್ಕೆ ಅಮೆರಿಕದ ಆಹಾರ ಬೇಡ.

ಸಗಣಿಯಲ್ಲಿ ಕಾಳು ಬೀಳುವ ವಿಷಯಕ್ಕೆ ಬರುತ್ತೇನೆ. ಹುಲ್ಲು ಹೆಚ್ಚಿರುವ ಆಹಾರದಲ್ಲಿ ಹೊಟ್ಟೆಯ ಹರಿವು ಚುರುಕಾಗಿರುತ್ತದೆ. ಇಡಿ ಕಾಳು ಅಗಿತಕ್ಕೆ ಸಿಗದೆ ತಪ್ಪಿಸಿಕೊಂಡು ಹೋಗುವುದು ಅಲ್ಲಿ ಸಾಧ್ಯ. ಆದರೆ ತಪ್ಪು ಹುಲ್ಲಿನದಲ್ಲ, ಕಾಳನ್ನು ಒಡೆಯದೆ ಕೊಟ್ಟದ್ದು. ಗೋವಿನಜೋಳದ ಹೊರಸಿಪ್ಪೆ ಬಿರುಸು, ರಾತ್ರಿ ನೆನೆಸಿದರೂ ಬ್ಯಾಕ್ಟೀರಿಯಾ ಸಿಪ್ಪೆ ದಾಟಿ ಒಳಗೆ ಹೋಗಲಾರವು. ಗಿರಣಿಯಲ್ಲಿ ನುಚ್ಚು ಮಾಡಿಸಿ. ಹಿಟ್ಟು ಮಾಡಿಸಬೇಡಿ, ಹಿಟ್ಟು ಒಮ್ಮೆಲೇ ಹುಳಿಯಾಗುತ್ತದೆ.

ನೀವೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಬಹುದು. ಇಷ್ಟು ಸರಳವಾದ, ಇಷ್ಟು ನಂಬಲರ್ಹವಾದ ಪರೀಕ್ಷೆ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಬೆಳಿಗ್ಗೆ ಬಿದ್ದ ತಾಜಾ ಸಗಣಿಯನ್ನು ಎರಡು ಮುಷ್ಟಿ ತೆಗೆದು ಹಳೆಯ ಜರಡಿಯಲ್ಲಿ ಹಾಕಿ, ನಲ್ಲಿಯ ಕೆಳಗೆ ಹಿಡಿದು ನೀರು ತಿಳಿಯಾಗುವ ತನಕ ತೊಳೆಯಿರಿ. ಉಳಿದದ್ದನ್ನು ಬಿಳಿ ತಟ್ಟೆಯ ಮೇಲೆ ಹರಡಿ. ನಾರಿನ ಚೂರುಗಳು ಅರ್ಧ ಸೆಂಟಿಮೀಟರ್‌ಗಿಂತ ಚಿಕ್ಕದಾಗಿ, ಒಂದೇ ಸಮನಾಗಿ, ಮೆತ್ತಗೆ ಇದ್ದರೆ ರೂಮೆನ್ ಸರಿಯಾಗಿದೆ. ಬೆರಳಿನ ಗಿಣ್ಣಿನಷ್ಟು ಉದ್ದದ ಹುಲ್ಲಿನ ಕಡ್ಡಿಗಳು ಹೆಚ್ಚಾಗಿ ಸಿಕ್ಕರೆ ಮೆಲುಕು ಸಾಲದು, ಅಥವಾ ಹೊಟ್ಟೆಯಲ್ಲಿ ನಾರು ಒಡೆಯುವ ಕೆಲಸ ನಿಂತಿದೆ. ಇಡಿ ಕಾಳು ಸಿಕ್ಕರೆ ನುಚ್ಚು ಮಾಡಬೇಕು. ಜರಡಿಯಲ್ಲಿ ಬಿಳಿ ಲೋಳೆ ಅಂಟಿ ಉಳಿದರೆ, ಸಗಣಿಯಲ್ಲಿ ನೊರೆಗುಳ್ಳೆ ಕಂಡರೆ, ಹುಳಿ ನಾತ ಬಂದರೆ, ಪಿಷ್ಟ ಮುಂದಿನ ಹೊಟ್ಟೆಯಲ್ಲಿ ಮುಗಿಯದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುದುಗುತ್ತಿದೆ ಎಂದರ್ಥ. ಆಗ ಕಾಳು ಕಡಿಮೆ ಮಾಡಬೇಕು. ಜೊತೆಗೆ ಮಧ್ಯಾಹ್ನ ದನಗಳು ಮಲಗಿರುವಾಗ ಸುಮ್ಮನೆ ನಿಂತು ನೋಡಿ: ಅರ್ಧಕ್ಕಿಂತ ಹೆಚ್ಚು ದನಗಳು ಮೆಲುಕು ಹಾಕುತ್ತಿರಬೇಕು, ಒಂದು ತುತ್ತಿಗೆ ಐವತ್ತರಿಂದ ಅರವತ್ತು ಬಾರಿ ಅಗಿಯಬೇಕು.

ಈಗ ನಿಮ್ಮ ನಿಜವಾದ ತೊಂದರೆ. ನೀವು ಹಾಕುತ್ತಿರುವ 4 ಕಿಲೋ ಹುಲ್ಲು ಹೆಚ್ಚಾಯಿತು ಎನ್ನುವುದಕ್ಕಿಂತ, ಆ ಹುಲ್ಲು ಹಸಿದಿದೆ ಎನ್ನಬೇಕು. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ 3ರಿಂದ 4. ನಾರು ಒಡೆಯುವ ಬ್ಯಾಕ್ಟೀರಿಯಾಗಳು ಬದುಕಲು ಒಟ್ಟು ಆಹಾರದಲ್ಲಿ ಕನಿಷ್ಠ ಶೇ 7ರಿಂದ 8 ಪ್ರೋಟೀನ್ ಬೇಕು. ಅದಿಲ್ಲದೆ ಹುಲ್ಲು ಹೊಟ್ಟೆಯಲ್ಲಿ ಸುಮ್ಮನೆ ಕೂತಿರುತ್ತದೆ, ಜಾಗ ಖಾಲಿಯಾಗದೆ ದನ ಇನ್ನಷ್ಟು ತಿನ್ನುವುದಿಲ್ಲ. ಇಲ್ಲಿಗೆ ಸ್ವಲ್ಪ ಹಿಂಡಿ ಅಥವಾ ಹಸಿರು ಸೊಪ್ಪು ಸೇರಿಸಿದರೆ ಅದೇ ಹುಲ್ಲಿನ ಜೀರ್ಣತೆ ಏರುತ್ತದೆ. ಜೋಳ ಹುಲ್ಲಿನ ಜೀರ್ಣತೆಯನ್ನು ಕೆಳಗೆ ಎಳೆದರೆ ಹಿಂಡಿ ಮೇಲಕ್ಕೆ ಎತ್ತುತ್ತದೆ. ನಮ್ಮ ರೈತರು ಜೋಳಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಪಾಲನ್ನು ಹಿಂಡಿಗೆ ತಿರುಗಿಸಿದರೆ ಎಷ್ಟೋ ಕೊಟ್ಟಿಗೆಗಳ ಚಿತ್ರವೇ ಬದಲಾಗುತ್ತದೆ.

ಹುಲ್ಲನ್ನೇ ಸುಧಾರಿಸುವ ದಾರಿ ಯೂರಿಯಾ ಉಪಚಾರ. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು ಗಾಳಿ ಹೊರಡಿಸಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ 21 ದಿನ ಬಿಡಬೇಕು. ಒಳಗೆ ಹುಟ್ಟುವ ಅಮೋನಿಯಾ ನಾರಿನ ಬಂಧವನ್ನು ಸಡಿಲಿಸುತ್ತದೆ, ಪ್ರೋಟೀನ್ ಅಂಶ ಶೇ 7ರ ಮೇಲಕ್ಕೆ ಹೋಗುತ್ತದೆ, ದನ ಹೆಚ್ಚು ತಿನ್ನುತ್ತದೆ. ತೆಗೆದ ಮೇಲೆ ಗಂಟೆಗಟ್ಟಲೆ ಗಾಳಿಗೆ ಹರಡಿ, ಕಣ್ಣು ಉರಿಸುವ ವಾಸನೆ ಹೋದ ನಂತರವೇ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡವೇ ಬೇಡ. ಯೂರಿಯಾವನ್ನು ಕುಡಿಯುವ ನೀರಿಗೆ ಅಥವಾ ಅಕ್ಕಚ್ಚಿಗೆ ಬೆರೆಸುವುದು ವಿಷ ಹಾಕಿದಂತೆ, ಕರಗಿಸಿದ ಪಾತ್ರೆಯನ್ನೂ ದನದ ಬಾಯಿಗೆ ಸಿಗದಂತೆ ತೊಳೆದಿಡಿ. ಈ ಕೆಲಸವನ್ನು ಕೊಯ್ಲು ಮುಗಿದು ಒಣಹವೆ ಇರುವ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ. ಮಳೆಗಾಲದಲ್ಲಿ ಒಂದು ತೂತಿನಿಂದ ನೀರು ಇಳಿದರೂ ಇಡೀ ರಾಶಿ ಬೂಸ್ಟು ಹಿಡಿಯುತ್ತದೆ.

ಬೂಸ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ: ಬೂಸ್ಟು ಹಿಡಿದ ಭತ್ತದ ಹುಲ್ಲನ್ನು ಎಮ್ಮೆಗೆ ಎಂದೂ ಹಾಕಬೇಡಿ. ಆ ಶಿಲೀಂಧ್ರದ ವಿಷದಿಂದ ಬಾಲದ ತುದಿ, ಕಿವಿಯ ತುದಿ, ಗೊರಸಿನ ಮೇಲ್ಭಾಗ ಕೊಳೆತು ಉದುರುವ ಡೆಗ್ನಾಲಾ ಎಂಬ ಕಾಯಿಲೆ ಬರುತ್ತದೆ, ಎಮ್ಮೆಗಳು ಅದಕ್ಕೆ ಬೇಗ ತುತ್ತಾಗುತ್ತವೆ. ಕುಮಟಾ, ಅಂಕೋಲಾ, ಕಾರವಾರದ ಕರಾವಳಿಯಲ್ಲಿ ಹಿಂಗಾರಿನ ಅಕಾಲ ಮಳೆಗೆ ನೆನೆದ ಹುಲ್ಲನ್ನು ಅರೆಬರೆ ಒಣಗಿಸಿ ಬಣವೆ ಹಾಕುವ ಮನೆಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಭತ್ತದ ಹುಲ್ಲಿನ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಬೇರೆ ಬೆಳೆಗಳ ಒಣ ಮೇವಿನಲ್ಲಿ ಎಲೆ ಒಳ್ಳೆಯದು, ಕಾಂಡ ಕೆಟ್ಟದ್ದು. ಭತ್ತದಲ್ಲಿ ಇದು ತಿರುಗುಮುರುಗು. ಎಲೆಯಲ್ಲಿ ಸಿಲಿಕಾ (ಮರಳಿನ ಅಂಶ) ಹೆಚ್ಚು, ಅದು ಬ್ಯಾಕ್ಟೀರಿಯಾಗಳನ್ನು ನಾರಿನ ಹತ್ತಿರ ಬಿಡುವುದಿಲ್ಲ. ಕಾಂಡದಲ್ಲಿ ಸಿಲಿಕಾ ಕಡಿಮೆ, ಅದು ಹೆಚ್ಚು ಜೀರ್ಣವಾಗುತ್ತದೆ. ಕೊಯ್ಲು ಯಂತ್ರ ಮೊಳದುದ್ದದ ಕೂಳೆಯನ್ನು ಗದ್ದೆಯಲ್ಲೇ ಬಿಟ್ಟು ಮೇಲಿನ ಎಲೆಭಾಗವನ್ನು ನಮಗೆ ಕೊಡುತ್ತದೆ, ಮೇವಿನ ಒಳ್ಳೆಯ ಪಾಲು ಮಣ್ಣಿಗೆ ಹೋಗುತ್ತದೆ. ಯಂತ್ರದವರಿಗೆ ಹೇಳಿ, ಸಾಧ್ಯವಾದಷ್ಟು ಬುಡಕ್ಕೆ ಕೊಯ್ಯಿಸಿ.

ತೌಡು ಮತ್ತು ತೆಂಗಿನ ಹಿಂಡಿ ಎರಡನ್ನೂ ಒಟ್ಟಿಗೆ ಹಾಕುತ್ತಿದ್ದೀರಿ. ಎರಡರಲ್ಲೂ ಎಣ್ಣೆ ಇದೆ. ನಮ್ಮ ಕಡೆಯ ಸಣ್ಣ ಅಕ್ಕಿಗಿರಣಿಯ ತೌಡಿನಲ್ಲಿ ಎಣ್ಣೆ ತೆಗೆದಿರುವುದಿಲ್ಲ, ಶೇ 12ಕ್ಕೂ ಹೆಚ್ಚು ಇರಬಹುದು. ಗಾಣದ ತೆಂಗಿನ ಹಿಂಡಿಯಲ್ಲೂ ಎಣ್ಣೆ ಉಳಿದಿರುತ್ತದೆ. ಒಟ್ಟು ಆಹಾರದಲ್ಲಿ ಕೊಬ್ಬು ಒಣ ತೂಕದ ಶೇ 5ರಿಂದ 6 ದಾಟಿದರೆ ಅದು ನಾರಿನ ಮೇಲೆ ಪೊರೆಯಾಗಿ ಕೂತು, ನಾರು ಒಡೆಯುವ ಜೀವಿಗಳನ್ನೂ ಹತ್ತಿಕ್ಕುತ್ತದೆ. ಕರಾವಳಿಯ ಕೊಟ್ಟಿಗೆಗಳಲ್ಲಿ ಹುಲ್ಲು ಜೀರ್ಣವಾಗದೆ ಇರುವುದಕ್ಕೆ ಜೋಳಕ್ಕಿಂತ ಈ ಎಣ್ಣೆಯೇ ಹೆಚ್ಚಾಗಿ ಕಾರಣ ಎಂಬುದು ನನ್ನ ಅಭಿಪ್ರಾಯ. ತೌಡಿನ ಅರ್ಧ ಪಾಲನ್ನು ಗೋಧಿ ಬೂಸಾಕ್ಕೆ, ತೆಂಗಿನ ಹಿಂಡಿಯ ಅರ್ಧ ಪಾಲನ್ನು ಶೇಂಗಾ ಹಿಂಡಿಗೆ ಬದಲಿಸಿ. ಮಳೆಗಾಲದಲ್ಲಿ ಕಮಟು ವಾಸನೆ ಬಂದ ಹಿಂಡಿ, ತೌಡನ್ನು ಹಾಕಬೇಡಿ.

ಹಸಿರು ಮೇವಿಗೆ ನಿಮ್ಮಲ್ಲಿ ನೀರಿನ ಅನುಕೂಲವಿದ್ದರೆ ಕೋ-4 ಅಥವಾ ಕೋ-5 ನೇಪಿಯರ್ ಹಾಕಿ, 45ರಿಂದ 50 ದಿನಕ್ಕೊಮ್ಮೆ ಕೊಯ್ಯಿರಿ. ಎತ್ತರ ಹೆಚ್ಚಾಗಲಿ ಎಂದು ಕಾದರೆ ಕಾಂಡ ಕಬ್ಬಿನಂತಾಗಿ ಜೀರ್ಣತೆ ಇಳಿಯುತ್ತದೆ, ತೂಕ ಮಾತ್ರ ಹೆಚ್ಚು. ತೋಟದ ಬೇಲಿಯ ಗ್ಲಿರಿಸಿಡಿಯಾ ಸೊಪ್ಪಿನಲ್ಲಿ ಪ್ರೋಟೀನ್ ಶೇ 20ರ ಆಸುಪಾಸಿದೆ. ಒಂದು ದಿನ ಬಾಡಿಸಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ, ಒಟ್ಟು ಮೇವಿನ ಐದನೇ ಒಂದು ಪಾಲು ಮೀರಬೇಡಿ. ಬೇಣದ ಕರಡವನ್ನು, ಅಂದರೆ ಗುಡ್ಡದ ಬಯಲಲ್ಲಿ ತಾನಾಗಿ ಬೆಳೆಯುವ ಹುಲ್ಲನ್ನು, ಹೂ ಬಿಡುವ ಹೊತ್ತಿಗೆ ಕೊಯ್ದು ಒಣಗಿಸಿದರೆ ಭತ್ತದ ಹುಲ್ಲಿಗಿಂತ ಒಳ್ಳೆಯ ಮೇವು, ಬೀಜ ಉದುರಿದ ಮೇಲೆ ಕೊಯ್ದರೆ ಬರೀ ಕಡ್ಡಿ. ಅಡಿಕೆ ಹಾಳೆಯನ್ನು ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ ಹಾಕುವುದು ಒಳ್ಳೆಯ ರೂಢಿ, ಅದನ್ನು ಭತ್ತದ ಹುಲ್ಲಿನ ಬದಲಿ ಎಂದು ಲೆಕ್ಕ ಹಾಕಿ, ಹಿಂಡಿಯ ಬದಲಿ ಎಂದಲ್ಲ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನಗಳಲ್ಲಿ ಬಿದ್ದ ಹಾಳೆ, ಮರದ ಬುಡದ ಹುಲ್ಲು ಎರಡೂ ಬೇಡ, ಅದರಲ್ಲಿ ಮೈಲುತುತ್ತ ಇರುತ್ತದೆ. ಬಾಳೆದಿಂಡಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರು, ಬೇಸಿಗೆಯಲ್ಲಿ ಬಾಯಿಗೆ ತಂಪು, ಅಷ್ಟೇ. ನಿಮ್ಮ ಬನವಾಸಿಯ ಅನಾನಸ್ ಸಿಪ್ಪೆ ಸಿಕ್ಕಿದರೆ ಒಣ ಹುಲ್ಲಿನ ಜೊತೆ ಬೆರೆಸಿ ಕೊಡಬಹುದು. ಅದೊಂದನ್ನೇ ಹೊಟ್ಟೆ ತುಂಬ ಹಾಕಿದರೆ ಹುಳಿ ಏರುವುದು ಖಂಡಿತ.

ಹುಳಿ ಏರುವುದು ಎಂದರೆ ಏನೆಂದು ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಮರದಡಿ ಹಣ್ಣು ತಿಂದು ಬಂದ ದನ, ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಮರುಕಪಟ್ಟು ಸುರಿದು ಕೊಟ್ಟ ಹಸು, ಮರುದಿನ ಮೇವು ಬಿಟ್ಟು ತಲೆ ತಗ್ಗಿಸಿ ನಿಲ್ಲುತ್ತದೆ. ಎಡಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿದರೆ ಒಳಗೆ ನೀರು ಕುಲುಕುವ ಸದ್ದು, ಬೂದು ಬಣ್ಣದ ತೆಳು ಭೇದಿ, ಹುಳಿ ವಾಸನೆ, ಕಣ್ಣು ಗುಳಿ. ಒಂದೇ ಹೊತ್ತಿಗೆ 4 ಕಿಲೋ ಜೋಳದ ನುಚ್ಚು ತಿಂದ 200 ಕಿಲೋ ಕಡಸಿಗೂ ಇದೇ ಗತಿ. ಹಾಗೇನಾದರೂ ಆದರೆ ಕಾಳು, ಹಿಂಡಿ ಪೂರ್ತಿ ನಿಲ್ಲಿಸಿ ಒಣ ಹುಲ್ಲು ಮುಂದಿಡಿ, ಎಣ್ಣೆ ಗಿಣ್ಣೆ ಕುಡಿಸುತ್ತ ಹೊತ್ತು ಕಳೆಯದೆ ಹತ್ತಿರದ ಪಶುವೈದ್ಯರನ್ನು ಕರೆಯಿರಿ. ಬದುಕಿ ಉಳಿದರೂ ಎಷ್ಟೋ ದನಗಳಿಗೆ ಆಮೇಲೆ ಗೊರಸಿನೊಳಗೆ ಉರಿಯೂತವಾಗಿ ಕುಂಟುವುದು ಉಳಿಯುತ್ತದೆ.

ನಿಮ್ಮ 200 ಕಿಲೋ ಕಡಸಿಗೆ ನಾನು ಬರೆಯುವ ದಿನದ ಪಡಿ ಹೀಗೆ: ಉಪಚಾರ ಮಾಡಿದ ಭತ್ತದ ಹುಲ್ಲು 2 ಕಿಲೋ, ಹಸಿ ನೇಪಿಯರ್ 8 ಕಿಲೋ, ದಾಣಿ ಮಿಶ್ರಣ 2 ಕಿಲೋ. ಒಣ ತೂಕದಲ್ಲಿ ಸುಮಾರು 5.2 ಕಿಲೋ ಆಗುತ್ತದೆ, ಅದರಲ್ಲಿ ಮೇವಿನ ಪಾಲು ಮೂರನೇ ಎರಡು. ಇನ್ನೂ ಚುರುಕಾಗಿ ಬೆಳೆಯಬೇಕೆಂದರೆ ದಾಣಿಯನ್ನು ಎರಡೂವರೆ ಕಿಲೋ ತನಕ ಒಯ್ಯಬಹುದು, ಆದರೆ ಒಣ ಲೆಕ್ಕದಲ್ಲಿ ಮೇವು ಅರ್ಧಕ್ಕಿಂತ ಕೆಳಗೆ ಇಳಿಯಲೇಬಾರದು. ದಾಣಿಯನ್ನು ಮನೆಯಲ್ಲೇ ಮಾಡುವುದಾದರೆ ನೂರು ಕಿಲೋಗೆ ಗೋವಿನಜೋಳದ ನುಚ್ಚು 35, ಶೇಂಗಾ ಮತ್ತು ತೆಂಗಿನ ಹಿಂಡಿ ಕೂಡಿ 35, ಗೋಧಿ ಬೂಸಾ ಮತ್ತು ತೌಡು ಕೂಡಿ 27, ಖನಿಜ ಮಿಶ್ರಣ 2, ಉಪ್ಪು 1. ಖನಿಜ ಮಿಶ್ರಣ ಬಿಡಬೇಡಿ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಹುಲ್ಲಿನ ಮೇಲೆ ಬೆಳೆಯುವ ಕಡಸಿಗೆ ಅದರ ಕೊರತೆ ಬೇಗ ತಟ್ಟುತ್ತದೆ.

ಹುಲ್ಲನ್ನು ಮೂರರಿಂದ ಐದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಪುಡಿ ಮಾಡಿದರೆ ದನ ಹೆಚ್ಚು ತಿನ್ನುತ್ತದೆ ಎಂದು ಕೆಲವರು ಹೇಳುತ್ತಾರೆ, ತಿನ್ನುವುದು ನಿಜ. ಆದರೆ ಪುಡಿ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಜಾರುತ್ತದೆ, ಜೀರ್ಣತೆ ಇಳಿಯುತ್ತದೆ, ಮೆಲುಕಿಗೂ ಸಹಾಯವಿಲ್ಲ. ಬೆಳಿಗ್ಗೆ ಮೊದಲು ಹುಲ್ಲು, ಅದು ಅರ್ಧ ಮುಗಿದ ಮೇಲೆ ದಾಣಿ. ದಾಣಿಯನ್ನು ಎರಡು ಹೊತ್ತಿಗೆ, ಸಾಧ್ಯವಾದರೆ ಮೂರು ಹೊತ್ತಿಗೆ ಹಂಚಿ. ನೀರು ಸದಾ ಎದುರಿಗಿರಲಿ. ಈಗಿನ ಪಡಿಯಿಂದ ಹೊಸದಕ್ಕೆ ಬದಲಾಗಲು ಎರಡು ಮೂರು ವಾರ ತೆಗೆದುಕೊಳ್ಳಿ, ಹೊಟ್ಟೆಯ ಜೀವಿಗಳ ಸಂಸಾರ ಹೊಂದಿಕೊಳ್ಳಲು ಅಷ್ಟು ದಿನ ಬೇಕು.

ಮನೆಯಲ್ಲಿ ಮಲೆನಾಡು ಗಿಡ್ಡ ಹಸುಗಳೂ ಇದ್ದರೆ ಈ ಪಡಿಯನ್ನು ಅವುಗಳಿಗೆ ಹಾಕಬೇಡಿ. ಬೆಟ್ಟ, ಬೇಣ ಮೇಯ್ದು ಬೆಳೆದ ಸಣ್ಣ ಮೈಯ ಆ ದನಗಳು ಬಡ ಮೇವಿನಲ್ಲೇ ಬದುಕು ಕಟ್ಟಿಕೊಳ್ಳುವ ಜಾಣತನ ಪಡೆದಿವೆ, ಕಾಲು ಕಿಲೋ ಹಿಂಡಿ, ಚಿಟಿಕೆ ಖನಿಜ ಕೊಟ್ಟರೆ ಅವುಗಳಿಗೆ ಅದೇ ಹಬ್ಬದೂಟ.

ಬೆಳವಣಿಗೆಯನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ. ಬಟ್ಟೆ ಹೊಲಿಯುವವರ ಟೇಪಿನಿಂದ ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಎಲುಬಿನ ತುದಿಯವರೆಗಿನ ಉದ್ದವನ್ನೂ ಇಂಚಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 54 ಇಂಚು, ಉದ್ದ 45 ಇಂಚು ಇದ್ದರೆ 199 ಕಿಲೋ. ತಿಂಗಳಿಗೊಮ್ಮೆ, ಬೆಳಿಗ್ಗೆ ಮೇವು ಹಾಕುವ ಮೊದಲು ಅಳೆದು ಗೋಡೆಯ ಮೇಲೆ ಬರೆದಿಡಿ. ತಿಂಗಳಿಗೆ ಮಿಶ್ರತಳಿ ಕಡಸು 15ರಿಂದ 18 ಕಿಲೋ, ಮುರ್ರಾ ಮಣಕ 12ರಿಂದ 15 ಕಿಲೋ ಏರಿದರೆ ಪಡಿಯನ್ನು ಮುಟ್ಟಬೇಡಿ. ಅದಕ್ಕಿಂತ ಕಡಿಮೆಯಾದರೆ ಮೊದಲು ಸಗಣಿ ತೊಳೆದು ನೋಡಿ: ಉದ್ದ ಕಡ್ಡಿ ಸಿಕ್ಕರೆ ಹಿಂಡಿಯನ್ನು ಕಾಲು ಕಿಲೋ ಹೆಚ್ಚಿಸಿ, ಲೋಳೆ, ನೊರೆ ಸಿಕ್ಕರೆ ಜೋಳವನ್ನು ಕಾಲು ಕಿಲೋ ಇಳಿಸಿ. ತಿಂಗಳಿಗೆ 21 ಕಿಲೋ ದಾಟುತ್ತಿದ್ದರೂ ಜೋಳವನ್ನೇ ಇಳಿಸಿ, ಕೆಚ್ಚಲಿಗೆ ಕೊಬ್ಬು ಸೇರುವುದು ಆ ವೇಗದಲ್ಲಿ. ಮಿಶ್ರತಳಿ ಕಡಸು 250 ಕಿಲೋ, ಮುರ್ರಾ ಮಣಕ 300 ಕಿಲೋ ಮುಟ್ಟಿ ಬೆದೆ ತೋರಿಸಿದಾಗ ಗರ್ಭಧಾರಣೆ ಮಾಡಿಸಿ.